ಗಡಿಯಾರಕ್ಕೆ ಕಾಯದ ಯಂತ್ರ

ಹಿಟ್ಟು ಉಕ್ಕಿ ತಟ್ಟೆ ದಾಟಿ, ಕಪಾಟಿನ ಕಾಲುಗುಂಟ ಇಳಿದು, ತಣ್ಣನೆ ಕೋಣೆಯ ನೆಲದ ಮೇಲೆ ಯಾರೋ ಬಿಟ್ಟುಹೋದ ಹಾಸಿಗೆಯಂತೆ ಹರಡಿಕೊಂಡಿತ್ತು. ಮರುದಿನ ಆಸ್ಪತ್ರೆಗೆ ಬ್ರೆಡ್ಡಾಗಿ ಹೋಗಬೇಕಾಗಿದ್ದ ಹಿಟ್ಟು ಅದು. ಆಸ್ಪತ್ರೆಯವರು ಬೇರೆ ಬೇಕರಿ ನೋಡಿಕೊಂಡರು. ಮನೆಯವರು ತಪ್ಪಿತಸ್ಥನನ್ನು ನೋಡಿಕೊಳ್ಳತೊಡಗಿದರು.

ಬಹಳ ಹುಡುಕಬೇಕಾಗಿರಲಿಲ್ಲ. ಬೇಕರಿ ಮಾವನದು, ನಡೆಸುವವರು ಇಬ್ಬರು ಅಳಿಯಂದಿರು: ಅಕ್ಕನ ಗಂಡ ದೊಡ್ಡಳಿಯ, ತಂಗಿಯ ಗಂಡ ಚಿಕ್ಕಳಿಯ. ಬೆಳಗಿನ ಪಾಳಿ ಚಿಕ್ಕಳಿಯನದು, ಮಧ್ಯಾಹ್ನದ್ದು ದೊಡ್ಡಳಿಯನದು. ಷಡ್ಡಕರ ನಡುವಿನ ಪ್ರೀತಿ ಎಂಥದೆಂದರೆ, ಒಬ್ಬ ಬಂದ ಸದ್ದಾದರೆ ಇನ್ನೊಬ್ಬ ಚಪ್ಪಲಿ ಮೆಟ್ಟುತ್ತಿದ್ದ. ಆ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಹೋದ ಕರೆಂಟು ಮಧ್ಯಾಹ್ನ, ಪಾಳಿ ಬದಲಾದ ಮೇಲೆ ಬಂದಿತ್ತು. ಬಾಗಿಲು ಮುಚ್ಚಿದ್ದರೆ ಕೋಣೆ ಅಷ್ಟು ಹೊತ್ತು ತಣ್ಣಗೇ ಇರುತ್ತದೆ. ಅಂದರೆ ಯಾರೋ ಬಾಗಿಲು ತೆರೆದಿಟ್ಟಿದ್ದರು.

ಯಾರು ಎನ್ನುವುದಕ್ಕೆ ದೊಡ್ಡಳಿಯನ ಬಳಿ ಸಾಕ್ಷಿ ಇತ್ತು. ಕೋಣೆಯ ಪಕ್ಕದ ಗೋಡೆಯಲ್ಲಿ ಅವನೇ ಹಾಕಿಸಿದ ಪುಟ್ಟ ಕಂಪ್ಯೂಟರ್ ಇತ್ತು. ಬಾಗಿಲು ತೆರೆದದ್ದು, ಮುಚ್ಚಿದ್ದು, ತಾನು ಶುರುವಾದದ್ದು, ಎಲ್ಲಕ್ಕೂ ಅದು ಹೊತ್ತು ಹಾಕಿ ಲಾಗ್ ಬರೆಯುತ್ತಿತ್ತು. ಮನೆಯಲ್ಲಿ ಯಾರ ಮಾತಿಗೂ ಇಲ್ಲದ ಮರ್ಯಾದೆ ಆ ಲಾಗಿಗೆ ಸಿಕ್ಕಿತ್ತು.

ಅಂಗಡಿಯ ಷಟರ್ ಅರ್ಧ ಇಳಿಸಿ ಎಲ್ಲರೂ ಕೂತರು. ದೊಡ್ಡಳಿಯ ಮೊಬೈಲಿನಲ್ಲಿ ಲಾಗ್ ತೆರೆದು, ತೀರ್ಪು ಓದುವವನ ಗತ್ತಿನಲ್ಲಿ ಓದಿದ.

"ಬಾಗಿಲು ತೆರೆದದ್ದು ಬೆಳಿಗ್ಗೆ ಎಂಟಕ್ಕೆ. ಮುಚ್ಚಿದ್ದು ಮಧ್ಯಾಹ್ನ ಎರಡೂವರೆಗೆ, ನಾನು. ಅಷ್ಟು ಹೊತ್ತೂ ಹಾರುಹೊಡೆದಿತ್ತು, ಮಾವ."

"ನಾನು ತೆಗೀಲಿಲ್ಲ," ಅಂದ ಚಿಕ್ಕಳಿಯ.

"ಯಂತ್ರಕ್ಕೆ ನಿನ್ನ ಮೇಲೇನು ಹಗೆನಾ?"

"ಯಂತ್ರಕ್ಕಿಲ್ಲ ಭಾವ."

ಮಾವ ಗಂಟಲು ಸರಿಮಾಡಿಕೊಂಡರು. ಅಳಿಯಂದಿರನ್ನು ಬಹುವಚನದಲ್ಲೇ ಮಾತಾಡಿಸುವ ಮನುಷ್ಯ ಅವರು. ಕೆಲಸದಿಂದ ತೆಗೆಯುವಾಗಲೂ ಬಹುವಚನ ಬಿಡಲಿಲ್ಲ. "ನೋಡಿ, ಬೇಜಾರು ಮಾಡ್ಕೋಬೇಡಿ. ಕೋಣೆ ಕೀಲಿ ಕೊಟ್ಬಿಡಿ. ಮೇಲಿನ ಮನೆನೂ ಈ ತಿಂಗಳು ಮುಗಿಯೋದ್ರೊಳಗೆ…"

ವಾಕ್ಯವನ್ನು ಅವರು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ: ಕೆಲಸ, ಮನೆ ಎರಡೂ ಹೋಗಿದ್ದವು. ತಂಗಿ ಮಧ್ಯಾಹ್ನವೇ ಸೂಟ್‌ಕೇಸು ಕಟ್ಟಿಟ್ಟು ಕೆಳಗೆ ಬಂದಿದ್ದಳು. ಗಂಡ ಕೀಲಿಗೆಂದು ಜೇಬಿಗೆ ಕೈಹಾಕಿದಾಗ ಅವಳು ಭಾವನ ಕೈಯಿಂದ ಮೊಬೈಲನ್ನೇ ಎಳೆದುಕೊಂಡಳು.

"ಬಾಗಿಲಿನ ಸಾಲಿಗಿಂತ ಮೇಲಿನ ಸಾಲು ಯಾಕೆ ಓದ್ಲಿಲ್ಲ ಭಾವ? 'ಯಂತ್ರ ಶುರುವಾಯಿತು, ಬೆಳಿಗ್ಗೆ ಎಂಟು' ಅಂತ ಇದೆ. ಅಪ್ಪಾ, ಆಗ ಕರೆಂಟೇ ಇರ್ಲಿಲ್ಲ. ಇದು ಹೇಗೆ ಶುರುವಾಯ್ತು? ಹೇಗೆ ಬರೀತು?"

"ಅದ್ರೊಳಗೆ ಬ್ಯಾಟರಿ ಇದೆ," ಅಂದ ದೊಡ್ಡಳಿಯ.

"ಗುಂಡಿಯಷ್ಟು ದಪ್ಪದ್ದು. ಅದು ಗಡಿಯಾರಕ್ಕೆ ಮಾತ್ರ. ಅದೂ ಸತ್ತಿದೆ ಅಂತ ಕಂಪ್ಯೂಟರಿನವನು ಹೇಳಿ ಹೋಗಿದ್ದ, ನನ್ನೆದುರಿಗೇ."

ಕಂಪ್ಯೂಟರಿನವನು ಇನ್ನೊಂದು ಮಾತೂ ಹೇಳಿದ್ದ. ಬ್ಯಾಟರಿ ಸತ್ತ ಯಂತ್ರಕ್ಕೆ ಕರೆಂಟು ಹೋದ ಗಳಿಗೆ ಮಾತ್ರ ನೆನಪಿರುತ್ತದೆ. ಎದ್ದಾಗ ಅಲ್ಲಿಂದಲೇ ಎಣಿಸುತ್ತದೆ. ಆಮೇಲೆ ಇಂಟರ್ನೆಟ್ ಸಿಕ್ಕಿ, ಸರಿಯಾದ ಹೊತ್ತು ಕೇಳಿಕೊಂಡು ತಿದ್ದಿಕೊಳ್ಳುತ್ತದೆ. ಅದಕ್ಕೇ, ಹೊತ್ತು ಗೊತ್ತಾಗುವವರೆಗೆ ಏನನ್ನೂ ಬರೆಯದೆ ಕಾಯುವಂತೆ ಅವನು ಏರ್ಪಾಡು ಮಾಡಿದ್ದ. ದೊಡ್ಡಳಿಯನಿಗೆ ಆ ಕಾಯುವಿಕೆ ಸೋಮಾರಿತನದಂತೆ ಕಂಡಿತ್ತು. ಆಳುಗಳು ಸುಮ್ಮನೆ ನಿಂತಿದ್ದರೆ ಹೇಗೋ ಹಾಗೇ, ಯಂತ್ರ ನಿಂತಿದ್ದರೂ ಅವನಿಗೆ ಮೈ ಉರಿಯುತ್ತಿತ್ತು. ಆ ಏರ್ಪಾಡನ್ನು ತೆಗೆಸಿಹಾಕಿ, "ನಮ್ಮ ಯಂತ್ರ ಕಣ್ಣು ಬಿಟ್ಟ ಕೂಡಲೇ ಕೆಲಸ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ.

"ಕಥೆ ಕಟ್ತಾಳೆ," ಅಂದ ಈಗ. "ಯಂತ್ರ ಸುಳ್ಳು ಬರೆಯಲ್ಲ, ಮಾವ. ಮನುಷ್ಯರು ಹೇಳ್ತಾರೆ."

"ಹಾಗಾದ್ರೆ ನೀವೇ ಹೋಗಿ ಅದನ್ನ ಆರಿಸಿ. ಬಾಗಿಲಿಗೆ ಬೀಗ ಹಾಕಿ, ಕೀಲಿ ಇವರಿಂದ ತಗೊಂಡು ನಿಮ್ಮ ಜೇಬಲ್ಲೇ ಇಟ್ಕೊಳ್ಳಿ. ನಾವೆಲ್ಲ ಚಹಾ ಕುಡಿಯೋಣ."

ಚಹಾ ಕುಡಿದರು. ಇಷ್ಟು ಕಹಿ ಚಹಾವನ್ನು ಆ ಮನೆಯಲ್ಲಿ ಸಕ್ಕರೆ ಹಾಕಿಯೂ ಯಾರೂ ಮಾಡಿರಲಿಲ್ಲ. ಅಕ್ಕ ತಂಗಿಯ ಲೋಟವನ್ನು ತುಸು ಜೋರಾಗಿಯೇ ಕುಕ್ಕಿದಳು. ಲೋಟಗಳು ಖಾಲಿಯಾಗಿ, ಒಣಗಿದ ಮೇಲೂ ತಂಗಿ ಏಳಗೊಡಲಿಲ್ಲ. ಕೊನೆಗೆ ಎಲ್ಲರೂ ಹಿಂದಿನ ಕೋಣೆಗೆ ಹೋದರು. ದೊಡ್ಡಳಿಯ ಯಂತ್ರದ ಗುಂಡಿ ಒತ್ತಿದ. ದೀಪ ಹತ್ತಿದ ಕೂಡಲೇ ಕೀಲಿ ಮಾವನ ಕೈಗೆ ಹೋಯಿತು, ಮಾವ ಬಾಗಿಲು ತೆರೆದರು. ಹಿಟ್ಟಿನ ಹುಳಿ ವಾಸನೆ ಎಲ್ಲರ ಮುಖಕ್ಕೂ ಸಮನಾಗಿ ಹೊಡೆಯಿತು.

ತಂಗಿ ಹೊಸ ಸಾಲನ್ನು ಗಟ್ಟಿಯಾಗಿ ಓದಿದಳು. ಬಾಗಿಲು ತೆರೆದದ್ದು ಚಹಾಕ್ಕೆ ಮುಂಚೆ, ದೊಡ್ಡಳಿಯ ಯಂತ್ರ ಆರಿಸಿದ ಗಳಿಗೆಯಲ್ಲಿ.

"ಆಗ ಕೀಲಿ ಯಾರ ಜೇಬಲ್ಲಿತ್ತು ಭಾವ? ನೀವು ತೆಗೆದದ್ದನ್ನ ನಾವು ಯಾರೂ ನೋಡ್ಲೇ ಇಲ್ವಲ್ಲ."

"ಇದೆಲ್ಲ ಸುಳ್ಳು!" ಅಂದುಬಿಟ್ಟ ದೊಡ್ಡಳಿಯ.

ಹೇಳಿದ ಮೇಲೆ ತಾನೇ ಕೇಳಿಸಿಕೊಂಡ. ಮಾವ ಅಳಿಯನನ್ನೂ ಗೋಡೆಯ ಯಂತ್ರವನ್ನೂ ಒಂದೇ ಬಗೆಯ ಅನುಮಾನದಿಂದ ನೋಡಿದರು.

"ಹಾಗಾದ್ರೆ ಮೊನ್ನೆ ಬಾಗಿಲು ತೆಗೆದದ್ದು ಬೆಳಿಗ್ಗೆ ಅಲ್ಲ," ಅಂದರು ನಿಧಾನವಾಗಿ. "ಕರೆಂಟು ಬಂದ ಕೂಡಲೇ. ಆಗ ಇಲ್ಲಿ ಯಾರಿದ್ರಿ?"

ಉತ್ತರಕ್ಕೆ ದೊಡ್ಡಳಿಯ ಬಾಯಿ ತೆರೆಯುವಷ್ಟರಲ್ಲಿ, ಗಂಡನನ್ನು ಕಾಪಾಡುವ ಆತುರದಲ್ಲಿ ಅಕ್ಕ ಅಡ್ಡ ಬಂದಳು.

"ಇವರು ಬಾಗಿಲಿಗೇ ಒರಗಿ ನನ್ನ ಹತ್ರ ಫೋನಲ್ಲಿ ಮಾತಾಡ್ತಿದ್ರಪ್ಪ. ಒಲೆ ಕಡೆ ಬೆಂದು ಹೋಗ್ತೀನಿ, ಇಲ್ಲಿ ತಂಪಾಗಿದೆ ಅಂತ. ಒಂದು ಗಂಟೆಯಾದ್ರೂ ಮಾತಾಡಿದ್ವಿ. ಎಲ್ಲಾ ಇವಳ ಗಂಡನ ವಿಷಯವೇ, ಕೆಲಸ ಬರಲ್ಲ, ಜವಾಬ್ದಾರಿ ಇಲ್ಲ ಅಂತ…"

ಅವಳ ಮಾತು ತಾನಾಗಿಯೇ ಸಣ್ಣಗಾಯಿತು. ಅಷ್ಟೂ ಹೊತ್ತು ಒಲೆಯ ಬಿಸಿ ಒಳಹೋಗಿ ಹಿಟ್ಟಿನೊಂದಿಗೆ ಮಾಡಿದ ಕೆಲಸವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಫೋನಲ್ಲಿ ಮಾತಾಡೋಕೂ ನಾನೇ ಬೇಕಾಯ್ತು," ಅಂದ ಚಿಕ್ಕಳಿಯ. ಆ ದಿನ ಅವನಾಡಿದ ಮಾತುಗಳಲ್ಲಿ ಅದೇ ಉದ್ದದ್ದು.

ಮಾವ ಕೀಲಿಯನ್ನು ಚಿಕ್ಕಳಿಯನ ಕೈಗಿಟ್ಟರು. ಮಧ್ಯಾಹ್ನಕ್ಕೂ ಅವನೇ ಇರಲಿ ಅಂದರು. ದೊಡ್ಡಳಿಯನಿಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಹೇಳಿದರು, ಬಹುವಚನದಲ್ಲೇ. ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ; ಅಂಥ ವಾಡಿಕೆ ಆ ಮನೆಯಲ್ಲಿರಲಿಲ್ಲ.

ಮರುದಿನ ಕಂಪ್ಯೂಟರಿನವನು ಬಂದು ಹೊಸ ಬ್ಯಾಟರಿ ಹಾಕಿ, ತೆಗೆದ ಏರ್ಪಾಡನ್ನು ಮತ್ತೆ ಸೇರಿಸಿದ. ಯಂತ್ರ ಎದ್ದು, ಹೊತ್ತು ಕೇಳಿಕೊಳ್ಳುತ್ತ ಸುಮ್ಮನೆ ಮಿಣುಕುತ್ತ ನಿಂತಿತು.

"ಇದೇನು, ಹೀಗೇ ನಿಂತಿರುತ್ತಾ?" ಗಲ್ಲಾಪೆಟ್ಟಿಗೆಯ ಮುಂದಿನಿಂದ ದೊಡ್ಡಳಿಯ ಗುರುಗುಟ್ಟಿದ.

"ತಿಳಿಯೋವರೆಗೆ ಬಾಯಿ ಮುಚ್ಕೊಂಡಿರುತ್ತೆ ಭಾವ," ಅಂದಳು ತಂಗಿ, ಮೆಟ್ಟಿಲು ಹತ್ತುತ್ತ. ಮೇಲೆ ಸೂಟ್‌ಕೇಸು ಬಿಚ್ಚಿ, ಒಂದೊಂದೇ ಪಾತ್ರೆಯನ್ನು ತೆಗೆದು, ಕೆಳಗೆ ಕೂತಿದ್ದ ಅಕ್ಕನಿಗೆ ಕೇಳಿಸುವಂತೆ ನೆಲಕ್ಕಿಟ್ಟಳು.