ದೇಯಿಯ ಎಲೆ

ಮಾರ್ಚ್ ಎಂಟರ ಮಹಿಳಾ ದಿನಕ್ಕೆ ಗೇರುಬೀಜ ಕಾರ್ಖಾನೆ ಮೊದಲ ಸಲ ಸಂಬಳ ಸಹಿತ ರಜೆ ಕೊಟ್ಟಿತ್ತು. ಆ ರಜೆಗಾಗಿ, ಗಂಡಸರಷ್ಟೇ ಕೂಲಿಗಾಗಿ ಗೇಟಿನೆದುರು ಧರಣಿ ಕೂತಿದ್ದ ದೇಯಿ ಹಿಂದಿನ ಮಳೆಗಾಲದ ಆಟಿ ತಿಂಗಳಲ್ಲೇ ತೀರಿಹೋಗಿದ್ದಳು. ಅವಳನ್ನು ಹದಿನಾರಕ್ಕೆ ಸೇರಿಸುವ, ಎಂದರೆ ಮನೆಯ ಹಿರಿಯರ ಜೊತೆ ಕೂಡಿಸುವ ಕ್ರಮ ಬಾಕಿ ಇತ್ತು. ಅದೇ ಕಾರ್ಖಾನೆಯಲ್ಲಿ ದುಡಿಯುವ ಅವಳ ಮಗಳು ತೃಪ್ತಿಗೂ ಬಿಡುವೆಂದು ದೇಯಿಯ ಅಣ್ಣ ಜಯ ಅದನ್ನು ಆ ದಿನಕ್ಕೇ ಇಟ್ಟುಕೊಂಡ.

ಕುಲಶೇಖರದ ಮನೆಯ ಒಳಕೋಣೆಯಲ್ಲಿ ಮುಸ್ಸಂಜೆಗೆ ಜಯ ಬಾಳೆಲೆ ಹಾಕಿದ. ಮುಂದೆ, ಸತ್ತ ಗಂಡಸರಿಗೆ ಎರಡು. ಹಿಂದೆ, ಗೋಡೆಯ ಬದಿಗೆ, ಅಜ್ಜಿಗೊಂದು, ದೊಡ್ಡಮ್ಮನಿಗೊಂದು, ಕೊನೆಗೆ ದೇಯಿಗೆ. ಅನ್ನ, ಕೋಳಿ ಪದಾರ್ಥ ಬಡಿಸಿ, ದೀಪ ಹಚ್ಚಿ, ಹೊಸ್ತಿಲಲ್ಲಿ ನಿಂತು ಕರೆದ: "ದೇಯಿ, ಒಳಗೆ ಬಾ."

ಗಾಳಿ ಇರಲಿಲ್ಲ. ದೀಪ ಆರಿತು. ಮತ್ತೆ ಹಚ್ಚಿ ಕರೆದ, ಮತ್ತೆ ಆರಿತು. ಜಗಲಿಯಲ್ಲಿ ಸುಟ್ಟ ಗೇರುಸಿಪ್ಪೆಯ ವಾಸನೆ ಎದ್ದಿತು. ತೃಪ್ತಿಗೆ ಗುರುತು ಸಿಕ್ಕಿತು: ಎಷ್ಟು ಸೋಪು ಹಾಕಿದರೂ ಹೋಗದ, ಅಮ್ಮನ ಕೈಯ ವಾಸನೆ. ಅದು ಹೊಸ್ತಿಲ ತನಕ ಬಂದು ನಿಂತಿತು.

"ಅತ್ತೆ ಇಲ್ಲಿಯೂ ಧರಣಿ ಕೂತ್ರಾ ಎಂತ?" ಜಯನ ಮಗ ಹಿತೇಶ್ ನಗಲು ನೋಡಿದ. ಯಾರೂ ನಗಲಿಲ್ಲ.

"ಸುಮ್ಮನಿರು ಮಾರಾಯ," ಎಂದ ಜಯ. "ಇವತ್ತು ಒಳಗೆ ಬರದಿದ್ರೆ ಅವಳಿಗೆ ಇನ್ನು ಹೊರಗೇ ಗತಿ."

ಅಮ್ಮ ಎಂದೆಂದಿಗೂ ಜಗಲಿಯಲ್ಲೇ. ತೃಪ್ತಿ ಒಳಗಿನ ಎಲೆಗಳ ಸಾಲು ನೋಡಿದಳು. "ಮಾವ, ಅಮ್ಮನ ಎಲೆ ಹಿಂದೆ ಯಾಕೆ?"

"ಹೆಂಗಸರದ್ದು ಹಿಂದೆಯೇ. ಕ್ರಮ ಉಂಟಲ್ಲ."

"ಅಮ್ಮ ಬದುಕಿರುವಾಗ ಆ ಕ್ರಮ ಕೇಳಿದ್ದುಂಟಾ?"

ಜಯ ಹೊಸ್ತಿಲಿನಿಂದ ಬದಿಗೆ ಸರಿದ. ಅವಳು ಅಮ್ಮನ ಎಲೆಯನ್ನು ಎರಡೂ ಕೈಯಿಂದ ಮೆಲ್ಲ ಎಳೆದು ಗಂಡಸರ ಸಾಲಿಗೆ ತಂದಳು. ದೀಪ ಹಚ್ಚಿ, ಹೊಸ್ತಿಲಿಗೆ ಬಂದು ತಾನೇ ಕರೆದಳು: "ಬಾ ಅಮ್ಮ."

ದೀಪ ಆರಲಿಲ್ಲ. ವಾಸನೆ ಅವಳ ಭುಜ ಸವರಿಕೊಂಡು ಒಳಗೆ ಹೋಯಿತು.

ಹಿರಿಯರು ಉಣ್ಣುವುದನ್ನು ನೋಡಬಾರದು. ಜಯ ಬಾಗಿಲೆಳೆದು ಚಿಲಕ ಹಾಕಿದ. ಮೂವರೂ ಹೊರಗೆ ಕೂತರು. ಒಳಗೆ ನೆಲದ ಮೇಲೆ ಏನೋ ಸರಿದ ಸದ್ದಾಯಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ.

ಬಾಗಿಲು ತೆರೆದಾಗ ದೀಪ ನೆಟ್ಟಗೆ ಉರಿಯುತ್ತಿತ್ತು. ಬಡಿಸಿದ್ದರಲ್ಲಿ ಒಂದಗುಳೂ ಚೆಲ್ಲಿರಲಿಲ್ಲ. ಗೋಡೆಯ ಬದಿ ಮಾತ್ರ ಖಾಲಿಯಾಗಿತ್ತು. ಅಜ್ಜಿಯ ಎಲೆಯೂ ದೊಡ್ಡಮ್ಮನ ಎಲೆಯೂ ಮುಂದೆ ಬಂದು, ಐದೂ ಒಂದೇ ಸಾಲಿನಲ್ಲಿದ್ದವು.

ಜಯ ಹೊಸ್ತಿಲು ದಾಟಲಿಲ್ಲ.

"ನೀನೇ ಮೊದಲು ಹೋಗಿ ಕೈಮುಗಿ," ಎಂದ ತೃಪ್ತಿಗೆ.