ಮಧ್ಯಾಹ್ನದ ಟ್ರಿಪ್ಪು

"ಅದೆಲ್ಲಾ ಸರಿ ಮೇಡಂ, ಹನ್ನೊಂದನೇ ನಂಬರ್ ಬಸ್ಸು ಮೊದಲನೇ ಹಂತದಲ್ಲೇ ಯಾಕೆ?" ಎಂದು ಪ್ರಿನ್ಸಿಪಾಲರು ಕನ್ನಡಕವನ್ನು ಹಣೆಗೇರಿಸಿ ಕೇಳಿದರು.

ಈ ಪ್ರಶ್ನೆ ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಸ್ನಾನ ಮಾಡುವಾಗ, ಪಾತ್ರೆ ತೊಳೆಯುವಾಗ, ಸ್ಕೂಟರಿನ ಮೇಲೆ ಬರುವಾಗ ಹೇಳಿಕೊಂಡು ಹೇಳಿಕೊಂಡು ಉತ್ತರವನ್ನು ನಯಮಾಡಿ ಇಟ್ಟುಕೊಂಡಿದ್ದಳು.

"ಎಲ್ಲಕ್ಕಿಂತ ಹಳೇದು ಅದೇ ಸರ್. ಹೊಗೆ ಅಂದ್ರೆ ಹೊಗೆ. ಅದರ ಹಿಂದೆ ನಡೆಯೋ ಮಕ್ಕಳು ಕೆಮ್ಮಿಕೊಂಡೇ ಕ್ಲಾಸಿಗೆ ಹೋಗ್ತವೆ. ರೂಟಲ್ಲಿ ದಿಬ್ಬ ಇಲ್ಲ, ತೀರಾ ಉದ್ದಾನೂ ಇಲ್ಲ. ಬ್ಯಾಟರಿ ಬಸ್ಸಿಗೆ ಹೇಳಿ ಮಾಡಿಸಿದ ಹಾಗಿದೆ."

ಒಂದು ಮಾತೂ ಸುಳ್ಳಲ್ಲ. ಅದೇ ಅವಳ ಖುಷಿ. ಪ್ರಿನ್ಸಿಪಾಲರು ತಲೆಯಾಡಿಸಿ ಸಹಿ ಹಾಕಿದರು. ಶಾಲೆಯ ಬಸ್ಸುಗಳನ್ನೆಲ್ಲ ಡೀಸೆಲ್ಲಿನಿಂದ ಕರೆಂಟಿಗೆ ಬದಲಾಯಿಸುವ ಯೋಜನೆಯನ್ನು ಆಡಳಿತ ಮಂಡಳಿಯವರು ಬಸ್ಸುಗಳ ಉಸ್ತುವಾರಿ ನೋಡಿಕೊಳ್ಳುವ ಅವಳಿಗೇ ವಹಿಸಿದ್ದರು. ಮೊದಲ ಹಂತದಲ್ಲಿ ನಾಲ್ಕು ಬಸ್ಸು. ಅಂಗಳದ ಮೂಲೆಯಲ್ಲಿ ಚಾರ್ಜ್ ಮಾಡಲು ಎರಡೇ ಕಂಬ. ಬೆಳಗಿನ ಟ್ರಿಪ್ಪು ಮುಗಿಸಿ ಬಂದ ಮೊದಲ ಎರಡು ಬಸ್ಸುಗಳನ್ನು ಕಂಬಕ್ಕೆ ಸಿಕ್ಕಿಸಬೇಕು. ಮಧ್ಯಾಹ್ನ ಅವನ್ನು ಬಿಡಿಸಿ ಉಳಿದೆರಡಕ್ಕೆ ಜಾಗ ಕೊಡಬೇಕು. ಆ ಅದಲು ಬದಲಿಗೆ ನಾಲ್ವರು ಡ್ರೈವರುಗಳೂ ಅಂಗಳದಲ್ಲೇ ಇರಬೇಕು. ಹಾಗಾಗಿ ಶಿಶುವಿಹಾರದ ಪುಟಾಣಿಗಳನ್ನು ಮನೆಗೆ ಬಿಡುವ ಮಧ್ಯಾಹ್ನದ ಟ್ರಿಪ್ಪು ಇನ್ನು ಮುಂದೆ ಈ ನಾಲ್ವರಿಗಿಲ್ಲ, ಡೀಸೆಲ್ ಬಸ್ಸಿನವರಿಗೆ.

ಹನ್ನೊಂದನೇ ಬಸ್ಸಿನ ಡ್ರೈವರು ಅವಳ ಸ್ವಂತ ಅಣ್ಣ. ಅವನ ಮಧ್ಯಾಹ್ನದ ಟ್ರಿಪ್ಪಿನ ಕೊನೆಯ ಸ್ಟಾಪು ಅವನ ಮನೆಯ ಬೀದಿಯ ತಿರುವಿನಲ್ಲೇ ಇತ್ತು. ಕೊನೆಯ ಮಗುವನ್ನು ಇಳಿಸಿ, ಖಾಲಿ ಬಸ್ಸನ್ನು ಗೋಡೆಯ ನೆರಳಿಗೆ ನಿಲ್ಲಿಸಿ, ಅವನು ಮನೆಗೆ ಹೋಗಿ ಹಾಸಿಗೆ ಹಿಡಿದ ಅಮ್ಮನಿಗೆ ಊಟ ಮಾಡಿಸಿ ಬರುತ್ತಿದ್ದ. ಅತ್ತಿಗೆ ಬೆಳಗ್ಗೆ ಬಟ್ಟೆ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೇ. ಇದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ತಕರಾರು ಎತ್ತದ ಏರ್ಪಾಡು. ಅದನ್ನು ಅವಳು ಒಂದೇ ಗೆರೆಯಲ್ಲಿ ಅಳಿಸಿ ಹಾಕಿದ್ದಳು.

ಮಾಡಿದ್ದಕ್ಕೆ ಅವಳಿಗೆ ಒಂದಿಷ್ಟೂ ಅಳುಕಿರಲಿಲ್ಲ. ಏಳು ವರ್ಷ ಕಾದಿದ್ದಳು. ಅದಕ್ಕೂ ಮುಂಚೆ ಹನ್ನೊಂದನೇ ಬಸ್ಸನ್ನು ಅಪ್ಪ ಓಡಿಸುತ್ತಿದ್ದ. ಇವಳು ಆಫೀಸಿನಲ್ಲಿ ಹೊಸದಾಗಿ ಗುಮಾಸ್ತೆಯಾಗಿ ಸೇರಿದ್ದಳು. ಒಂದು ದಿನ ಅಪ್ಪನ ಪಕ್ಕದ ಸೀಟಿನಲ್ಲಿ ಕೂತು ಬರುವಾಗ, ಅವನು ಸ್ಟಾಪುಗಳನ್ನು ಕಂಡು ನಿಲ್ಲಿಸುತ್ತಿಲ್ಲ, ಬಾಯೊಳಗೇ ದೀಪದ ಕಂಬ ಎಣಿಸಿ ನಿಲ್ಲಿಸುತ್ತಿದ್ದಾನೆ ಎಂಬುದು ಗೊತ್ತಾಯಿತು. ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರ ಹತ್ತಿರ ನಡಿ ಎಂದರೆ ಕೇಳಲಿಲ್ಲ. ತಿಂಗಳುಗಟ್ಟಲೆ ಗೋಗರೆದು ಸಾಕಾಗಿ ಕೊನೆಗೆ ಅವಳೇ ಹೋಗಿ ಪ್ರಿನ್ಸಿಪಾಲರಿಗೆ ಹೇಳಿಬಿಟ್ಟಳು. ಅಪ್ಪನನ್ನು ಬಸ್ಸಿನಿಂದ ಇಳಿಸಿದರು. ಬೇರೆ ಮನೆ ಮಾಡಿಕೊಂಡಿದ್ದ ಅವಳನ್ನು ಆಮೇಲೆ ಯಾರೂ ಮನೆಗೆ ಕರೆಯಲಿಲ್ಲ. ವರ್ಷ ತುಂಬುವುದರೊಳಗೆ ಅಪ್ಪ ಕೂತಲ್ಲೇ ಸೊರಗಿ ತೀರಿಕೊಂಡ. ಸುದ್ದಿ ಕೇಳಿ ಎದ್ದೆನೋ ಬಿದ್ದೆನೋ ಎಂದು ಓಡಿದರೆ, ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ಅಣ್ಣ ನಿಂತಿದ್ದ. "ಒಳಗೆ ಬರಬೇಡ. ಹೋಗು" ಎಂದಿದ್ದ. ನೆಂಟರು, ಅಕ್ಕಪಕ್ಕದವರು, ಶಾಲೆಯ ಡ್ರೈವರುಗಳು ಎಲ್ಲರೂ ನೋಡುತ್ತಿದ್ದರು. ಅಪ್ಪನ ಮುಖ ನೋಡುವುದಕ್ಕೂ ಬಿಡಲಿಲ್ಲ. ಅಮ್ಮನನ್ನು ಅವತ್ತಿನಿಂದ ಅವಳು ಕಂಡಿಲ್ಲ. ಅಮ್ಮನಿಗೆ ಎಡಭಾಗ ಬಿದ್ದುಹೋಗಿದೆ ಎಂಬ ಸುದ್ದಿಯೂ ಬಸ್ಸಿನ ಆಯಾಳ ಬಾಯಿಂದ ಬಂತು.

ಆಮೇಲೆ ಅಣ್ಣನಿಗೇ ಹನ್ನೊಂದನೇ ಬಸ್ಸು ಸಿಕ್ಕಿತು. ಇವಳು ಮೇಲೇರುತ್ತಾ ಹೋದಳು. ಒಂದೇ ಗೇಟಿನಲ್ಲಿ ಹೋಗಿ ಬರುವ ಇಬ್ಬರೂ ಏಳು ವರ್ಷ ಒಂದು ಮಾತು ಆಡಲಿಲ್ಲ. ಅವನು ರಜೆ ಬೇಕೆಂದರೆ ಬೇರೆಯವರ ಕೈಲಿ ಕೇಳಿಸುತ್ತಿದ್ದ. "ಆಫೀಸಿನವರನ್ನ ಕೇಳಿ" ಎನ್ನುತ್ತಿದ್ದನೇ ಹೊರತು ತಂಗಿ ಎಂಬ ಶಬ್ದ ಅವನ ಬಾಯಲ್ಲಿ ಬರುತ್ತಿರಲಿಲ್ಲ. ಅವನು ತನ್ನ ಮೇಜಿನ ಮುಂದೆ ಬಂದು ನಿಂತು, ಆ ಶಬ್ದವನ್ನು ಆಡಿ, ಬೇಡಿಕೊಳ್ಳಬೇಕು. ಅಷ್ಟಾದರೆ ಸಾಕೆಂದು ಅವಳು ಅಂದುಕೊಂಡಿದ್ದಳು.

ಮೊದಲ ಹಂತದ ಪಟ್ಟಿ ಗೋಡೆಗೆ ಅಂಟಿಸಿದ ದಿನ ಅಣ್ಣ ಅದನ್ನು ಓದಿ, ಮತ್ತೊಮ್ಮೆ ಓದಿ, ಹೋಗಿ ಬಸ್ಸು ಒರೆಸತೊಡಗಿದ. ಮಾರನೇ ದಿನ ಅವನ ಪರವಾಗಿ ಹಾರನ್ ತಾತ ಬಂದ. ಡ್ರೈವರುಗಳಲ್ಲೆಲ್ಲ ಹಿರಿಯ. ರಸ್ತೆಯಲ್ಲಿ ಕಾಗೆ ಕೂತಿದ್ದರೂ ಹಾರನ್ ಹೊಡೆಯದೆ ಮುಂದೆ ಹೋಗದವನಾದ್ದರಿಂದ ಆ ಹೆಸರು.

"ಮೇಡಂ, ಈ ಹೊಸ ಬಸ್ಸು ಸದ್ದೇ ಮಾಡಲ್ವಂತೆ. ಸ್ಟಾರ್ಟ್ ಆಯ್ತೋ ಇಲ್ವೋ ಹೆಂಗೆ ತಿಳ್ಕೊಳ್ಳೋದು, ಮೂಗಿಗೆ ಕೈ ಹಿಡಿದು ನೋಡ್ಬೇಕಾ?"

"ತಾತ, ಬಂದ ವಿಷಯ ಹೇಳಿ."

"ಹನ್ನೊಂದನೇದನ್ನ ಎರಡನೇ ಹಂತಕ್ಕೆ ಹಾಕ್ಬಿಡಿ. ಅಷ್ಟರಲ್ಲಿ ಅವನೇನಾದ್ರೂ ವ್ಯವಸ್ಥೆ ಮಾಡ್ಕೋತಾನೆ. ಮುದುಕಿ ಹಸ್ಕೊಂಡು ಮಲಗಿರ್ತಾಳೆ ಮೇಡಂ."

"ಅದನ್ನ ಅವರೇ ಬಂದು ಹೇಳ್ಲಿ. ಅವರಿಗೆ ಬಾಯಿಲ್ವಾ?"

"ಇದೆ. ನಿಮ್ಮ ಮುಂದೆ ಮಾತ್ರ ಸ್ಟಾರ್ಟ್ ಆಗಲ್ಲ" ಎಂದು ತಾತ ತಲೆ ಕೆರೆದುಕೊಂಡು ಹೊರಟ.

ಅಣ್ಣ ಪ್ರಿನ್ಸಿಪಾಲರ ಹತ್ತಿರ ಹೋದ. ಅವರು, ಯೋಜನೆ ಮೇಡಂದು, ಅವರನ್ನೇ ಕೇಳು ಎಂದು ಸಾಗಹಾಕಿದರು. ಆಡಳಿತ ಮಂಡಳಿಯ ಒಬ್ಬರನ್ನು ಹಿಡಿದ. ಅವರೂ ಮೇಡಂ ಅಂದರು. ದಾರಿಗಳೆಲ್ಲ ತಿರುಗಿ ತನ್ನ ಮೇಜಿಗೇ ಬಂದು ಸೇರುವುದನ್ನು ನೋಡುತ್ತಾ ಅವಳಿಗೆ ಊಟ ರುಚಿಸುತ್ತಿತ್ತು, ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತಿತ್ತು. ಅಮ್ಮ ಹಸಿದುಕೊಂಡಿರುತ್ತಾಳೆ ಎಂಬುದು ನಡುನಡುವೆ ಚುಚ್ಚುತ್ತಿತ್ತು, ನಿಜ. ಅದಕ್ಕೂ ಅವಳಲ್ಲಿ ಉತ್ತರವಿತ್ತು. ಊಟ ಮಾಡಿಸಲು ಮಗಳು ತಾನಿದ್ದೇನಲ್ಲ.

ಹೊಸ ಬಸ್ಸುಗಳು ಬಂದವು. ಡ್ರೈವರುಗಳು ಒಬ್ಬೊಬ್ಬರಾಗಿ ಅಂಗಳದಲ್ಲಿ ಓಡಿಸಿ ಕಲಿತರು. ಕೆಲವರು ಮುಗ್ಗರಿಸಿ ನಿಲ್ಲಿಸಿದರು. ಒಬ್ಬ ಹೂಕುಂಡ ಒಡೆದ. ಅಣ್ಣ ಮಾತ್ರ ಹುಟ್ಟಿದಾಗಿನಿಂದ ಅದನ್ನೇ ಓಡಿಸುತ್ತಿರುವವನ ಹಾಗೆ ಒಂದು ಸುತ್ತು ಹಾಕಿ, ಕಂಬದ ಪಕ್ಕಕ್ಕೆ ಒಂದೇ ಸಲಕ್ಕೆ ತಂದು ನಿಲ್ಲಿಸಿದ. ಕಿಟಕಿಯಿಂದ ನೋಡುತ್ತಿದ್ದ ಅವಳಿಗೆ ಅದೂ ಉರಿಯಿತು. ಅಪ್ಪನ ಕೈ ಹಾಗೇ ಇತ್ತು.

ಅವಳು ಕಂಬದ ಬೀಗ ನೋಡಲೆಂದು ಇಳಿದು ಬಂದಾಗ ಅಣ್ಣ ಅಲ್ಲೇ ನಿಂತಿದ್ದ. ಉಳಿದವರು ಚಹಾಕ್ಕೆ ಹೋಗಿದ್ದರು.

"ಮಧ್ಯಾಹ್ನದ ಟ್ರಿಪ್ಪು ನನಗೇ ಇರ್ಲಿ" ಎಂದ ನೆಲ ನೋಡುತ್ತಾ.

"ಯಾರ ಹತ್ರ ಮಾತಾಡ್ತಿದೀರಿ? ಆಫೀಸಿನವರ ಹತ್ರಾನಾ?"

"ನಿನ್ನ ಹತ್ರ."

"ನಾನ್ಯಾರು?"

"ತಂಗಿ" ಎಂದ ಅಣ್ಣ, ತಲೆಯೆತ್ತದೆ.

ಹೊಟ್ಟೆ ತಣ್ಣಗಾಗುತ್ತದೆಂದು ಕಾದಿದ್ದಳು, ಆಗಲಿಲ್ಲ. ಇನ್ನೂ ಬೇಕೆನ್ನಿಸಿತು. "ಮಧ್ಯಾಹ್ನ ಅಮ್ಮನ ಊಟಕ್ಕೆ ನಾನು ಹೋಗ್ತೀನಿ. ಮನೆ ಬೀಗದ ಕೈ ಕೊಡು."

ಅವನು ಗಾಬರಿಯಿಂದ ತಲೆಯೆತ್ತಿದ. "ಅದೊಂದು ಬೇಡ. ಬೇರೆ ಏನಾದ್ರೂ ಕೇಳು. ಎಲ್ಲರ ಮುಂದೆ ಕಾಲು ಹಿಡಿ ಅಂದ್ರೂ ಹಿಡೀತೀನಿ."

"ಕಾಲು ಹಿಡಿಸ್ಕೊಂಡು ನಾನೇನು ಮಾಡ್ಲಿ?"

"ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ ಕಣೇ."

"ಅವತ್ತು ಬಾಗಿಲಿಗೆ ಅಡ್ಡ ನಿಂತಿದ್ದೂ ನನ್ನ ಒಳ್ಳೇದಕ್ಕೇನಾ?"

ಅಣ್ಣ ಬಗ್ಗಿ ಚಾರ್ಜಿನ ತಂತಿಯನ್ನು ಸುತ್ತಿಡತೊಡಗಿದ. ತಪ್ಪು ಮಾಡಿದವನು ಇನ್ನೇನು ಮಾಡುತ್ತಾನೆ ಎಂದುಕೊಂಡು ಅವಳು ಮೆಟ್ಟಿಲು ಹತ್ತಿದಳು.

ಹೊಸ ಬಸ್ಸು ರಸ್ತೆಗಿಳಿದ ಬೆಳಗ್ಗೆ ಅವನು ಆಫೀಸಿಗೆ ಬಂದು ಮೇಜಿನ ಮೇಲೆ ಬೀಗದ ಕೈ ಇಟ್ಟ. ಏರ್ಪಾಡು ಮಾಡಲು ಎಲ್ಲ ಕಡೆ ಅಲೆದು ಸೋತ ಮುಖ. "ಅನ್ನ ಮೆತ್ತಗೆ ಬೇಯಿಸಿಟ್ಟಿದೆ, ಬಿಸಿ ಮಾಡಿದ್ರಾಯ್ತು. ಮಾತಾಡೋಕೆ ಹೋಗ್ಬೇಡ. ಸ್ಕೂಲಿಂದ ಆಯಾ ಬರ್ತಾಳೆ ಅಂತ ಹೇಳಿದೀನಿ. ಅಮ್ಮನಿಗೆ ಕಣ್ಣು ಅಷ್ಟಾಗಿ ಕಾಣ್ಸಲ್ಲ. ಊಟ ಮಾಡಿಸಿ ಬಂದ್ಬಿಡು."

ಆಯಾ ಅಂತೆ. ತಾನು ಹೆತ್ತ ಮಗಳು ಬಂದಿದ್ದಾಳೆಂದು ಅಮ್ಮನಿಗೆ ಗೊತ್ತಾಗಬಾರದು, ಈ ಪುಣ್ಯಾತ್ಮನಿಗೆ ಈಗಲೂ ಅದೇ ಹಟ. ಸ್ಕೂಟರ್ ಓಡಿಸುತ್ತಾ ಅವಳು ಹಲ್ಲು ಕಡಿದಳು. ಹೇಳಿಯೇ ಹೇಳುತ್ತೇನೆ. ಏಳು ವರ್ಷ ನಿನ್ನ ಮಗ ನನ್ನನ್ನು ಹೊರಗಿಟ್ಟ ಅಮ್ಮಾ, ಇವತ್ತು ಅವನ ಕೈಯಿಂದಲೇ ಬೀಗದ ಕೈ ಇಸ್ಕೊಂಡು ಬಂದೆ ಎನ್ನುತ್ತೇನೆ. ಅಮ್ಮ ಕೈ ಹಿಡಿದುಕೊಂಡು ಅಳುತ್ತಾಳೆ. ಸಂಜೆ ಅವನು ಬಂದಾಗ ಅವನಿಗೆ ಸರಿಯಾಗಿ ಉಗಿಯುತ್ತಾಳೆ.

ಕೋಣೆಯಲ್ಲಿ ನೋವಿನ ಎಣ್ಣೆಯ ವಾಸನೆ ಹಬ್ಬಿತ್ತು. ಕಿಟಕಿಯ ಪಕ್ಕದ ಮಂಚದಲ್ಲಿ ಅಮ್ಮ ಒಂದು ಹಿಡಿಯಾಗಿ ಮಲಗಿದ್ದಳು. ಆ ಗಾತ್ರ ನೋಡಿಯೇ ಅವಳ ಮಾತು ಹಾರಿಹೋಯಿತು.

"ಯಾರು, ಸ್ಕೂಲಿನ ಆಯಾನಾ?"

"ಹ್ಞೂಂ."

ದಿಂಬುಗಳನ್ನು ಒರಗಿಸಿ ಅಮ್ಮನನ್ನು ಎತ್ತಿ ಕೂರಿಸಿದಳು. ಬಟ್ಟಲು ಹಿಡಿದು ಪಕ್ಕದಲ್ಲಿ ಕೂತು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ತಿನ್ನಿಸತೊಡಗಿದಳು. ಅಮ್ಮ ಹಕ್ಕಿಮರಿಯ ಹಾಗೆ ಬಾಯಿ ತೆರೆದು ತಿಂದಳು. ತಿನ್ನುವುದು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

"ನಿಮ್ಮ ಸ್ಕೂಲಲ್ಲಿ ನನ್ನ ಮಗಳಿದಾಳೆ, ಗೊತ್ತಾ?" ಎಂದಳು ಅಮ್ಮ. ತುಟಿ ಒಂದು ಕಡೆ ಎಳೆದಿದ್ದರೂ ಮಾತು ಸ್ಪಷ್ಟವಿತ್ತು.

"ಗೊತ್ತು."

"ದೊಡ್ಡ ಮೇಡಂ ಅಂತೆ. ಹೆತ್ತಪ್ಪನ್ನ ಬಸ್ಸಿಂದ ಕೆಳಗಿಳಿಸಿದೋಳು." ಒಂದು ಚಮಚ ನುಂಗಿ ಮುಂದುವರಿಸಿದಳು. "ಅವರು ಸಾಯೋ ಮುಂಚೆ ದಿನಾ ಕೇಳೋರು, ಮಗಳನ್ನ ಕರೆಸು, ನೋಡ್ಬೇಕು ಅಂತ. ಅವಳು ಮಾಡಿದ್ದೇ ಸರಿ, ಇಲ್ದಿದ್ರೆ ಯಾರದೋ ಮಗು ನನ್ನ ಚಕ್ರದಡಿ ಹೋಗ್ತಿತ್ತು ಅನ್ನೋರು. ಹೇಳಿ ಕಳಿಸಿದೀನಿ, ಅವಳು ಬರಲ್ವಂತೆ ಅಂದೆ."

"ಹೇಳಿ ಕಳಿಸಿದ್ರಾ?" ಎಂದಳು ಅವಳು.

"ಎಲ್ಲಿಂದ? ಸುಳ್ಳು ಹೇಳ್ದೆ. ನನ್ನ ಮಗ ಒಬ್ಬ ಅಳುಬುರುಕ. ನಾನೇ ಹೋಗಿ ಕರ್ಕೊಂಡು ಬರ್ತೀನಿ ಅಂತ ಚಪ್ಪಲಿ ಹಾಕ್ಕೊಂಡ. ನೀನು ಹೊಸಿಲು ದಾಟಿದ್ರೆ ನಾನು ಬಾವಿ ನೋಡ್ಕೋತೀನಿ ಅಂದೆ. ಸಾವಿನ ದಿನ ಅವಳು ಬಂದಳಲ್ಲ, ಅವತ್ತೂ ಅವನನ್ನ ಬಾಗಿಲಿಗೆ ನಿಲ್ಲಿಸಿದ್ದು ನಾನೇ. ಪಾಪ, ಆಮೇಲೆ ಹಿತ್ತಲಿಗೆ ಹೋಗಿ ಅತ್ತ. ಕೆಟ್ಟ ಹೆಸರು ತಾನು ಹೊತ್ಕೊಂಡು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ."

ಅವಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಅಪ್ಪ ಕೇಳಿದ್ದ. ದಿನಾ ಕೇಳಿದ್ದ. ಮಗಳು ಬರಲೊಲ್ಲೆ ಎಂದಳೆಂದು ನಂಬಿಕೊಂಡೇ ಸತ್ತ. ಅವಳಿಗೆ ಕಿರುಚಬೇಕೆನ್ನಿಸಿತು. ಬಟ್ಟಲನ್ನು ಗೋಡೆಗೆ ಬೀಸಬೇಕೆನ್ನಿಸಿತು. ಈ ಮುದುಕಿಯನ್ನು ಹಿಡಿದು ಅಲುಗಾಡಿಸಬೇಕೆನ್ನಿಸಿತು. ಇಷ್ಟು ವರ್ಷ ಅಣ್ಣನಿಗೆಂದು ಕೂಡಿಟ್ಟ ಸಿಟ್ಟೆಲ್ಲ ಒಂದೇ ಸಲಕ್ಕೆ ತಿರುಗಿ ಈ ಮಂಚದ ಕಡೆ ನುಗ್ಗಿತು. ತಾನು ಯಾರೆಂದು ಹೇಳಿದರೆ ಸಾಕು, ಈ ಬಾಯಿ ನಾಚಿಕೆಯಿಂದ ಮುಚ್ಚಿಹೋಗುತ್ತದೆ.

"ಅಮ್ಮಾ, ನಾನು" ಎಂದಳು.

ಅಮ್ಮ ಬೆಚ್ಚಲಿಲ್ಲ. ಮಸುಕುಗಣ್ಣುಗಳನ್ನು ಅವಳ ಮುಖದ ಕಡೆ ತಿರುಗಿಸಿ, ಚೆನ್ನಾಗಿದ್ದ ಕೈಯಿಂದ ಗಲ್ಲ ಒರೆಸಿಕೊಂಡಳು.

"ಗೊತ್ತು ಕಣೇ. ಅದಕ್ಕೇ ಹೇಳಿದ್ದು."

ಹೇಳಿ ಕಣ್ಣು ಮುಚ್ಚಿಕೊಂಡು ಮತ್ತೆ ಬಾಯಿ ತೆರೆದಳು. ಬಟ್ಟಲಲ್ಲಿ ಇನ್ನೂ ಅರ್ಧ ಅನ್ನವಿತ್ತು.