ಕೂಗಿನ ಜಾಗ

ಮಗಳು ಗುಂಡಿ ಒತ್ತಿದಳು. ಇಡೀ ಬೀದಿಯ ಹೆಂಚು ಹಾರಿಸುವ ತಾಕತ್ತಿದ್ದ ಎರಡು ಸ್ಪೀಕರುಗಳು ಹೊರಡಿಸಿದ್ದು ಇರುವೆ ಕೆಮ್ಮಿದಷ್ಟು ಸದ್ದು. ಅಂಗಡಿಯ ನಡುವೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಅಪ್ಪನ ಸುತ್ತ ನಿಂತವರೆಲ್ಲ ಕತ್ತು ಚಾಚಿದರು.

“ನಮ್ಮಣ್ಣನೇ, ಅನುಮಾನವೇ ಬೇಡ,” ಎಂದ ಚಿಕ್ಕಪ್ಪ. “ಬದುಕಿದ್ದಾಗಲೂ ಇಷ್ಟೇ ಕೇಳಿಸ್ತಿದ್ದದ್ದು.”

ಅಳುತ್ತಿದ್ದವರೂ ಮೂಗೊರೆಸಿಕೊಂಡು ನಕ್ಕರು. ಬೀದಿಯವರು ಅಪ್ಪನಿಗೆ ಇಟ್ಟ ಹೆಸರು ಗುಡುಗಪ್ಪ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುವ ಹಾಗೆ, ಅವನ ದನಿ ಎಷ್ಟು ಸಣ್ಣದೆಂದರೆ ಹತ್ತಿರ ಹಾರಿದ ಸೊಳ್ಳೆಯೂ ‘ಏನಂದ್ರಿ?’ ಎಂದು ಕೇಳಿ ಮುಂದಕ್ಕೆ ಹೋಗುತ್ತಿತ್ತು. ಹಳೆಯ ಕ್ಯಾಸೆಟ್ಟುಗಳಲ್ಲಿದ್ದ ದನಿಯನ್ನು ಕಂಪ್ಯೂಟರಿನ ಫೈಲಾಗಿ ಮಾಡಿಕೊಡುವುದು ಅವನ ಕಸುಬು. ಅವನ ದೆಸೆಯಿಂದ ಊರಿನಲ್ಲಿ ಸತ್ತವರು ಯಾರೂ ಪೂರ್ತಿ ಸತ್ತಿರಲಿಲ್ಲ; ಅರ್ಧ ಊರು ಅವನ ಕಪಾಟಿನಲ್ಲಿ ಹರಟೆ ಹೊಡೆಯುತ್ತ ಕೂತಿತ್ತು. ಅವನ ಸ್ವಂತ ದನಿ ಮಾತ್ರ ಇದ್ದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಎಂದೋ ಒಂದು ಟೇಪ್‌ರೆಕಾರ್ಡರು ರಿಪೇರಿ ಮಾಡಿ, ಸರಿಯಾಯಿತೇ ಎಂದು ನೋಡಲು ನಾಲ್ಕು ಮಾತು ಆಡಿದ್ದ. ಮಗಳು ಬೆಳಿಗ್ಗೆ ಅದನ್ನು ಫೈಲು ಮಾಡಿದ್ದಳು.

ಅಪ್ಪನ ತಲೆಯ ಬಳಿ, ಸ್ಪೀಕರಿಗೆ ಒರಗಿ ಕೂತಿದ್ದ ಅಮ್ಮನಿಗೆ ಕಿವಿ ಮಂದ. ತನಗೆ ಕೇಳಿಸದ್ದು ಲೋಕಕ್ಕೂ ಕೇಳಿಸದೆಂದು ನಂಬಿದ್ದ ಅವಳು ಬಾಯಿ ತೆರೆದರೆ ಮೂರನೇ ಬೀದಿಯ ಕೂಸು ತೊಟ್ಟಿಲಲ್ಲಿ ಎದ್ದು ಕೂರುತ್ತಿತ್ತು. ಮಧ್ಯಾಹ್ನ ಅಂಗಡಿಯ ಹಿಂದಿನ ಅಡುಗೆಮನೆಯಿಂದ ಅವಳು “ಊಟಕ್ಕೆ ಬರ್ತೀರೋ ಇಲ್ವೋ!” ಎಂದು ಕೂಗಿದ್ದೇ ತಡ, ಅಕ್ಕಪಕ್ಕದ ಮನೆಗಳ ಗಂಡಸರೂ ಕೈ ತೊಳೆಯಲು ಏಳುತ್ತಿದ್ದರು. ಗಂಡನ ಮಾತನ್ನು ಅವಳು ಕೇಳಿದ್ದಕ್ಕಿಂತ ನೋಡಿದ್ದೇ ಹೆಚ್ಚು. ತುಟಿ ನೋಡಿಯೇ ಉತ್ತರ ಕೊಡುವಳು, ತುಟಿ ನೋಡಿಯೇ ಜಗಳಕ್ಕೂ ನಿಲ್ಲುವಳು.

“ತುಟಿ ನಿಂತೋಯ್ತು ಕಣೇ,” ಎಂದಳು ಈಗ, ಪಿಸುಗುಡುತ್ತಿದ್ದೇನೆಂದುಕೊಂಡು. ಕಿಟಕಿಯ ಗಾಜು ನಡುಗಿತು. “ಕರ್ಕೊಂಡು ಹೋಗೋ ಮುಂಚೆ ಒಂದ್ಸಲ ಅವರ ದನಿ ಕೇಳಿಸು. ನಿನ್ ಕೈಲಾಗುತ್ತೆ.”

“ಕೇಳಿಸ್ತೀನಮ್ಮ,” ಎಂದಳು ಮಗಳು, ತುಟಿ ಅಗಲಿಸಿ.

“ವ್ಯಾನಿನವನು ಬಂದು ನಿಂತಿದಾನಲ್ಲ,” ಎಂದ ಪಕ್ಕದ ಬೇಕರಿಯವನು.

“ನಿಲ್ಲಲಿ ಬಿಡ್ರಿ,” ಎಂದ ಚಿಕ್ಕಪ್ಪ. “ನಮ್ಮಣ್ಣ ಹುಟ್ಟಿದಾಗಿನಿಂದ ಯಾರನ್ನೂ ಕಾಯಿಸಿಲ್ಲ. ಇವತ್ತೊಂದಿನ ಕಾಯಿಸ್ತಾನೆ.”

ಮಗಳು ಸ್ಪೀಕರಿನ ತಿರುಗಣೆ ತಿರುಗಿಸಿ ದನಿ ಹೆಚ್ಚಿಸಿದಳು. ಹತ್ತು ಜನ ಒಟ್ಟಿಗೆ ಅಂಗಳ ಗುಡಿಸಿದಂಥ ಸದ್ದು ಎದ್ದಿತೇ ಹೊರತು ಅಪ್ಪ ಏಳಲಿಲ್ಲ. ಅರ್ಧಕ್ಕೇ ನಿಲ್ಲಿಸಿ ಕಂಪ್ಯೂಟರಿನತ್ತ ಬಗ್ಗಿದಳು. ‘ದನಿಯ ಮಟ್ಟ ಸರಿಮಾಡು’ ಅನ್ನುವಲ್ಲಿ ಗುರುತು ಬಿದ್ದೇ ಇತ್ತು. ಅದನ್ನು ತೆಗೆದು, ಮತ್ತೆ ಹಾಕಿ, ಫೈಲನ್ನು ಹೊಸದಾಗಿ ಮಾಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಬೇರೆ ಕಂಪ್ಯೂಟರು ತರಿಸ್ಲಾ?” ಬೇಕರಿಯವನು ಕೇಳಿದ.

“ಇದು ಸರಿಯಾಗೇ ಇದೆ ಮಾಮ. ಯಾರೋ ಅಡ್ಡ ನಿಂತಿದಾರೆ.”

*

ಅವಳು ಅಪ್ಪನ ಬಳಿ ಕೆಲಸ ಕಲಿಯುತ್ತಿದ್ದಾಗ ಗಿರಾಕಿಯೊಬ್ಬಳು ಬಂದು, “ಹಾಡ್ತಿದ್ದ ನಮ್ಮಜ್ಜೀನ ಎಲ್ಲಿ ಬಚ್ಚಿಟ್ರಿ?” ಎಂದು ಅಂಗಡಿಯನ್ನೇ ತಲೆಯ ಮೇಲೆ ಹೊತ್ತಿದ್ದಳು. ಆ ಫೈಲಿನಲ್ಲಿಯೂ ಮಟ್ಟ ಸರಿಮಾಡಿಯಾಗಿತ್ತು, ಆದರೂ ಅಜ್ಜಿ ಕೇಳಿಸುತ್ತಿರಲಿಲ್ಲ.

“ಈ ಮಟ್ಟ ಸರಿಮಾಡೋದು ಬೆಪ್ಪು ಮಗಾ,” ಎಂದಿದ್ದ ಅಪ್ಪ. ಅವಳು ಅವನ ಬಾಯಿಗೆ ಕಿವಿ ಕೊಟ್ಟು ಕೇಳಿಸಿಕೊಂಡಳು. “ಸದ್ದುಗಳ ಗುಂಪಲ್ಲಿ ಎಲ್ಲರಿಗಿಂತ ಎತ್ತರ ಯಾರು ಅಂತ ಅಷ್ಟೇ ನೋಡುತ್ತೆ. ಅವನ ತಲೆ ಸೂರಿಗೆ ತಾಗೋವರೆಗೆ ಇಡೀ ಗುಂಪನ್ನ ಮೇಲೆತ್ತುತ್ತೆ. ಒಬ್ಬನ ತಲೆ ಆಗಲೇ ತಾಗಿದ್ರೆ, ಉಳಿದೋರೆಲ್ಲ ನೆಲದಲ್ಲೇ.”

ಹುಡುಕಿದರೆ, ಅಜ್ಜಿ ಹಾಡುವಾಗ ಯಾರೋ ಬಾಗಿಲನ್ನು ದಢಾರನೆ ಹಾಕಿದ್ದರು. ಮಗಳು ಅದನ್ನು ಕತ್ತರಿಸಿ ಎಸೆಯಲು ಹೋದಳು. ಅಪ್ಪ ಕೈ ಹಿಡಿದ.

“ಕತ್ತರಿಸಬೇಡ. ಸದ್ದು ಅಳಿಸಿ ಜಾಗ ಖಾಲಿ ಬಿಡು. ಆ ಹೊತ್ತು ಅಜ್ಜೀದು, ಬಾಗಿಲಿನದ್ದಲ್ಲ.”

ಬಾಗಿಲು ಮಾಯವಾದದ್ದೇ ಅಜ್ಜಿ ಎದ್ದು ಬಂದು ಹಾಡಿದಳು. ಗಿರಾಕಿ ಸುರಿಸಿದ ಕಣ್ಣೀರಿನಲ್ಲಿ ಅಂಗಡಿಯ ನೆಲ ಎರಡು ಸಲ ಒರೆಸಬಹುದಿತ್ತು.

*

ಮಗಳು ದನಿಯ ಚಿತ್ರವನ್ನು ಪರದೆಯ ಮೇಲೆ ಹರಡಿದಳು. ಇಸ್ತ್ರಿ ಮಾಡಿದ ಹೊದಿಕೆಯ ಹಾಗೆ ಮಟ್ಟಸವಾದ ಗೆರೆ. ಕೊನೆಯ ಹತ್ತಿರ ಒಂದೇ ಕಡೆ ವಿದ್ಯುತ್ ಕಂಬದಂತೆ ನೆಟ್ಟಗೆ ನಿಂತ ಸದ್ದು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ಜಾಗವನ್ನು ಕೇಳಿದಳು. ಕುರ್ಚಿಯಿಂದ ಬೀಳುವುದೊಂದು ಬಾಕಿ.

“ಏನಮ್ಮ, ಬಾಗಿಲಾ?” ಚಿಕ್ಕಪ್ಪನಿಗೂ ಆ ಕತೆ ಗೊತ್ತಿತ್ತು.

ಮಗಳು ಅಮ್ಮನ ಕಡೆ ಕಣ್ಣು ತಿರುಗಿಸಿದಳು.

“ಅತ್ತಿಗೇನಾ!”

“ಶ್!”

“ಶ್ ಯಾಕೆ? ಅವರಿಗೇನು ಕೇಳುತ್ತಾ?”

ಎರಡು ಗೋಡೆಯಾಚೆಯ ಅಡುಗೆಮನೆಯಿಂದ ಹೊರಟ ಕೂಗು ಮೈಕಿನೊಳಗೆ ನುಗ್ಗಿ ಸೂರಿಗೆ ತಲೆ ತಾಗಿಸಿ ನಿಂತಿತ್ತು. ಅದರ ಕಾಲಬುಡದಲ್ಲಿ ಅಪ್ಪ. ಮಗಳ ಬೆರಳು ಒಂದು ಗಳಿಗೆ ಹಿಂಜರಿಯಿತು. ಆಮೇಲೆ ಕೂಗನ್ನು ಅಳಿಸಿತು, ಜಾಗ ಖಾಲಿ ಬಿಟ್ಟಿತು. ಮತ್ತೆ ಮಟ್ಟ ಸರಿಮಾಡಿದಳು. ಗೆರೆ ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬಿತು.

“ಅಮ್ಮ, ಸ್ಪೀಕರಿನ ಮೇಲೆ ಕೈಯಿಡು.”

ಗುಡುಗಪ್ಪ ಕೊನೆಗೂ ಗುಡುಗಿದ.

“ಪರೀಕ್ಷೆ... ಪರೀಕ್ಷೆ. ಮೋಟಾರು ಈಗ ಸರಿಯಾಗಿ ತಿರುಗ್ತಿದೆ. ಹೊರಗೆ ಬಿಸಿಲು. ಏನ್ ಮಾತಾಡೋದು ಅಂತಾನೇ ಹೊಳೀತಿಲ್ಲ. ಊರೋರ ಮಾತೆಲ್ಲ ಕೇಳಿ ಕೇಳಿ ನಂದೇ ಮರೆತೋಗಿದೆ.”

ಆಮೇಲೆ ಖಾಲಿ ಜಾಗ. ಆಮೇಲೆ, “ಬಂದೆ ಕಣೇ, ಬಂದೆ.” ಕುರ್ಚಿ ಹಿಂದಕ್ಕೆ ಸರಿದ ಸದ್ದು. ಟಕ್ಕೆಂದು ಟೇಪು ನಿಂತಿತು.

ಕಪಾಟಿನ ಕ್ಯಾಸೆಟ್ಟುಗಳೆಲ್ಲ ಗಡಗಡ ಅಲ್ಲಾಡಿದವು. ಇಷ್ಟು ವರ್ಷ ಆತನ ಪಕ್ಕದಲ್ಲೇ ಬದುಕಿದ ಬೇಕರಿಯವನು, “ಇವರ ದನಿ ಇಷ್ಟು ಚೆನ್ನಾಗಿತ್ತಾ?” ಎಂದು ಗೋಡೆ ಹಿಡಿದುಕೊಂಡ.

ಅಮ್ಮ ಕಣ್ಣು ಮುಚ್ಚಿಕೊಂಡೇ ಇದ್ದಳು. “ಯಾರಿಗೆ ಬಂದೆ ಅಂತಿದಾರೆ?”

ಮಗಳು ಅವಳೆದುರು ಮಂಡಿಯೂರಿ, ಅವಳು ಕಣ್ಣು ತೆರೆಯುವವರೆಗೆ ಕಾದಳು. “ನಿಂಗೇ. ನೀನು ಊಟಕ್ಕೆ ಕೂಗಿದ್ದೆ. ಅಪ್ಪ ಕೇಳಿಸ್ಲಿ ಅಂತ ನಾನೇ ಅದನ್ನ ಅಳಿಸಿದೆ.”

ಅಮ್ಮ ಅಪ್ಪನಿಗೆ ಹೊದಿಸಿದ್ದ ಬಟ್ಟೆಯ ಕಡೆ ಒಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡಳು.

“ಅಳಿಸಿದ್ರೆ ಅಳಿಸಿದೆ. ಇನ್ನೊಂದ್ಸಲ ಹಾಕು.”

ಹೊರಗೆ ವ್ಯಾನು ಹಾರನ್ ಹೊಡೆಯಿತು. ಚಿಕ್ಕಪ್ಪ, ಬೇಕರಿಯವನು, ಇನ್ನಿಬ್ಬರು ಎತ್ತಲು ಬಗ್ಗಿದರು. ಮಗಳು ಗುಂಡಿ ಒತ್ತಿದಳು. ಪರೀಕ್ಷೆ ಮುಗಿಯಿತು, ಬಿಸಿಲು ಮುಗಿಯಿತು, “...ನಂದೇ ಮರೆತೋಗಿದೆ” ಅನ್ನುವುದೂ ಮುಗಿಯಿತು. ಅಂಗೈಯ ಕೆಳಗೆ ಸ್ಪೀಕರಿನ ಅದುರು ನಿಂತದ್ದೇ ಅಮ್ಮ ಎದೆ ತುಂಬ ಉಸಿರೆಳೆದುಕೊಂಡಳು.

“ಊಟಕ್ಕೆ ಬರ್ತೀರೋ ಇಲ್ವೋ!”

ಬೀದಿಯ ತುದಿಯಲ್ಲಿ ಯಾವುದೋ ಸೈಕಲ್ಲು ಮಗುಚಿತು. ಹಾರನ್ ಬಾಯಿ ಮುಚ್ಚಿತು.

“ಬಂದೆ ಕಣೇ, ಬಂದೆ.”

ಕುರ್ಚಿ ಸರಿದ ಸದ್ದು. ಎತ್ತಲು ಬಗ್ಗಿದ್ದ ನಾಲ್ವರೂ ಕೈಬಿಟ್ಟು ನೆಟ್ಟಗಾಗಿ, ಅಪ್ಪನಿಗೆ ಅಡುಗೆಮನೆಯ ಕಡೆಗೆ ದಾರಿ ಬಿಟ್ಟು, ಗೋಡೆಗೆ ಒತ್ತಿಕೊಂಡು ನಿಂತರು.